ಕ್ಯಾಪ್ಟನ್ ಪಟ್ಟ ಹೋಯಿತೆಂದು ಮಗಳು ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮಗಳು ಒಂಬತ್ತನೇ ತರಗತಿ. ಹೋದ ವರ್ಷ ಶಾಲೆಯ ಹಾಕಿ ತಂಡಕ್ಕೆ ಅವಳೇ ಕ್ಯಾಪ್ಟನ್. ಮೈದಾನದ ನಡುವೆ, ಸೆಂಟರ್ ಹಾಫ್ ಜಾಗದಲ್ಲಿ ಆಡುತ್ತಾಳೆ. ಭಾರತ ಮಹಿಳಾ ತಂಡದ ಕ್ಯಾಪ್ಟನ್ ಆಗಿದ್ದ ರಾಣಿ ರಾಂಪಾಲ್ ಅವರ ಚಿತ್ರ ಗೋಡೆಗೆ ಅಂಟಿಸಿಕೊಂಡು, ‘ಒಂದಿನ ಇಂಡಿಯಾ ಕ್ಯಾಪ್ಟನ್ ಆಗ್ತೆ’ ಎನ್ನುತ್ತಿದ್ದಳು. ಈ ವರ್ಷ ಕ್ಯಾಪ್ಟನ್ ಪಟ್ಟ ಬೇರೆ ಹುಡುಗಿಗೆ ಹೋಯಿತು. ಅಂದಿನಿಂದ ‘ಆನು ಇನ್ನು ಹೋಗ್ತ್ನಿಲ್ಲೆ’ ಎಂದು ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿದ್ದಾಳೆ. ನಾನು ಶಾಲೆಗೆ ಹೋಗಿ ಮಾತಾಡಲೇ? ಭಾರತ ತಂಡದ ತನಕ ಹೋಗುವ ದಾರಿ ನಿಜಕ್ಕೂ ಎಂಥದ್ದು? ನಮ್ಮ ಕಡೆಯಿಂದ ಅದು ಸಾಧ್ಯವೇ? ಅದರಿಂದ ಹೊಟ್ಟೆಪಾಡು ನಡೆಯುತ್ತದೆಯೇ? ಹೊಸ ಸ್ಟಿಕ್ ಬೇರೆ ಕೇಳಿದ್ದಳು, ಕೊಡಿಸಲೇ ಬೇಡವೇ?

ಉತ್ತರ: ಪಟ್ಟ ಯಾಕೆ ತೆಗೆದಿರಿ ಎಂದು ಕೇಳಲು ಶಾಲೆಗೆ ಹೋಗಬೇಡಿ. ಮಾಸ್ತರಿಗೆ ಒಂದು ಫೋನ್ ಮಾಡಿ, ಮಗಳು ಆಟದಲ್ಲಿ ಏನನ್ನು ತಿದ್ದಿಕೊಳ್ಳಬೇಕು ಎಂದಷ್ಟೇ ಕೇಳಿ. ನಾನು ಕಾರವಾರದಲ್ಲಿ ಬಹಳ ವರ್ಷ ಮಕ್ಕಳಿಗೆ ಹಾಕಿ ಕಲಿಸಿದವನು. ತಂಡದ ಕ್ಯಾಪ್ಟನ್‌ನನ್ನು ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆ. ಎಷ್ಟೋ ಸಲ ಪಟ್ಟ ತೆಗೆದದ್ದು ತಂಡದ ಅತ್ಯುತ್ತಮ ಆಟಗಾರರಿಂದಲೇ. ಹತ್ತು ಮಂದಿಯನ್ನು ಸಂಭಾಳಿಸುವ ಗಡಿಬಿಡಿಯಲ್ಲಿ ಸ್ವಂತ ಆಟ ಕುಗ್ಗುತ್ತಿದೆ ಎಂದು ಕಂಡರೆ ಆ ಭಾರ ಇಳಿಸಿ, ‘ಈ ವರ್ಷ ನೀನು ಬರೀ ಆಡು’ ಎನ್ನುತ್ತಿದ್ದೆ. ನಾನು ಮಾಡಿದ ಒಂದು ತಪ್ಪೆಂದರೆ ಅದಕ್ಕೆ ಕಾರಣವನ್ನು ಮಗುವಿಗೆ ಬಿಡಿಸಿ ಹೇಳದೇ ಹೋದದ್ದು. ಹಾಗೆ ಒಬ್ಬ ಹುಡುಗ ಆಟವನ್ನೇ ಬಿಟ್ಟ. ಅವನು ಎಡಗಡೆಯಿಂದ ಚೆಂಡು ತರುತ್ತಿದ್ದ ಚಂದ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ನಿಮ್ಮ ಪತ್ರಕ್ಕೆ ಚುಟುಕಾಗಿ ಉತ್ತರಿಸಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ನಿಮ್ಮ ಮಗಳಿಗೆ ಮೊದಲು ಹೇಳಬೇಕಾದದ್ದು ಪಿ.ಆರ್. ಶ್ರೀಜೇಶ್ ಅವರ ಕಥೆ. ಕೇರಳದವರು, ಗೋಲ್‌ಕೀಪರ್. ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಗೆ ಸೇರಿದ ಮೇಲೆಯೇ ಅವರು ಹಾಕಿ ಹಿಡಿದದ್ದು. 2006ರಲ್ಲಿ ಭಾರತ ತಂಡಕ್ಕೆ ಬಂದರು. ಹತ್ತು ವರ್ಷದ ಮೇಲೆ, 2016ರಲ್ಲಿ, ಕ್ಯಾಪ್ಟನ್ ಆದರು. ರಿಯೋ ಒಲಿಂಪಿಕ್ಸ್‌ನಲ್ಲಿ ತಂಡ ಅವರ ನಾಯಕತ್ವದಲ್ಲೇ ಆಡಿ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂಗೆ ಸೋತಿತು. ಮರುವರ್ಷ ಅಜ್ಲನ್ ಷಾ ಟೂರ್ನಿಯಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಹೊರಗುಳಿದರು. ಅವರು ಇಲ್ಲದಾಗ ಪಟ್ಟ ಮನ್‌ಪ್ರೀತ್ ಸಿಂಗ್ ಅವರಿಗೆ ಹೋಯಿತು. ಗುಣವಾಗಿ ಬಂದ ಮೇಲೆ 2018ರ ಚಾಂಪಿಯನ್ಸ್ ಟ್ರೋಫಿಗೆ ಮತ್ತೆ ಇವರೇ ಕ್ಯಾಪ್ಟನ್, ಆಮೇಲೆ ಮತ್ತೆ ಮನ್‌ಪ್ರೀತ್. ಟೋಕಿಯೋದಲ್ಲಿ 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧ ಕಂಚಿನ ಪದಕದ ಪಂದ್ಯ. ಒಂದು ಹಂತದಲ್ಲಿ 1-3ರಿಂದ ಹಿಂದಿದ್ದ ಭಾರತ 5-4ಕ್ಕೆ ಏರಿತ್ತು. ಇನ್ನು ಕೆಲವೇ ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ದೊಡ್ಡ ಅವಕಾಶ, ಸಿಕ್ಕಿತು. ಅದನ್ನು ತಡೆದದ್ದು ಶ್ರೀಜೇಶ್. 1980ರ ಮಾಸ್ಕೋ ಚಿನ್ನದ ನಂತರ 41 ವರ್ಷಕ್ಕೆ ಬಂದ ಪದಕ ಅದು. ಪಂದ್ಯ ಮುಗಿದ ಮೇಲೆ ಅವರು ಗೋಲಿನ ಮೇಲೆ ಹತ್ತಿ ಕೂತ ಚಿತ್ರವನ್ನು ನೀವೂ ನೋಡಿರುತ್ತೀರಿ. ಆ ದಿನ ಅವರ ತೋಳಲ್ಲಿ ಕ್ಯಾಪ್ಟನ್ ಪಟ್ಟಿ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲೂ ಕ್ಯಾಪ್ಟನ್ ಹರ್ಮನ್‌ಪ್ರೀತ್ ಸಿಂಗ್. ಅಲ್ಲಿ ಸ್ಪೇನ್ ವಿರುದ್ಧ 2-1ರಿಂದ ಎರಡನೇ ಕಂಚು ಗೆದ್ದು ಶ್ರೀಜೇಶ್ ಆಟ ಮುಗಿಸಿದರು. ದೇಶಕ್ಕಾಗಿ ಮುನ್ನೂರಕ್ಕೂ ಹೆಚ್ಚು ಪಂದ್ಯ ಆಡಿದವರು ಅದರಲ್ಲಿ ಎಷ್ಟು ಕ್ಯಾಪ್ಟನ್ ಆಗಿ, ಎಷ್ಟು ಅಲ್ಲದೆ ಎಂದು ಲೆಕ್ಕ ಇಟ್ಟಿರಲಾರರು.

ಹೆಣ್ಣುಮಕ್ಕಳ ತಂಡದ ಕಥೆ ಇನ್ನೂ ಕಠಿಣ. ಭಾರತದ ಮಹಿಳಾ ತಂಡ 1980ರ ನಂತರ 36 ವರ್ಷ ಒಲಿಂಪಿಕ್ಸ್ ಮುಖ ನೋಡಿರಲಿಲ್ಲ. ರಿಯೋಗೆ ಅರ್ಹತೆ ಗಳಿಸಿದ ತಂಡದ ಕ್ಯಾಪ್ಟನ್ ರಿತು ರಾಣಿ. ವಿಮಾನ ಹತ್ತುವ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಸುಶೀಲಾ ಚಾನು ಕ್ಯಾಪ್ಟನ್ ಆಗಿ ಹೋದರು. ಅದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಆಗ ಬಹಳ ನಡೆಯಿತು. ನನ್ನ ಮಟ್ಟಿಗೆ, ತಂಡವನ್ನು ಬಾಗಿಲ ತನಕ ಕರೆತಂದವಳನ್ನು ಹೊಸಿಲು ದಾಟಲು ಬಿಡದೇ ಇದ್ದದ್ದು ಇವತ್ತಿಗೂ ನೋವಿನ ವಿಷಯವೇ. ಇದನ್ನು ಮಗಳಿಂದ ಮುಚ್ಚಿಡಬೇಡಿ. ಶಾಲೆಯಲ್ಲಿ ಆದದ್ದು ತನಗೊಬ್ಬಳಿಗೇ ಆದ ಅವಮಾನ ಎಂದುಕೊಂಡು ಅವಳು ಒಳಗೇ ಕೊರಗುತ್ತಿರಬಹುದು.

ಈಗ, ಕ್ಯಾಪ್ಟನ್ ಅಂದರೆ ಯಾರು? ಹಾಕಿಯ ನಿಯಮ ಪುಸ್ತಕ ಇದನ್ನು ಎರಡೇ ಮಾತಲ್ಲಿ ಹೇಳಿ ಮುಗಿಸುತ್ತದೆ: ತನ್ನ ತಂಡದ ಎಲ್ಲ ಆಟಗಾರರ ನಡತೆಗೆ ಕ್ಯಾಪ್ಟನ್ ಹೊಣೆ, ಆಟಗಾರರ ಅದಲುಬದಲು ಸರಿಯಾಗಿ ನಡೆಯುವುದಕ್ಕೂ ಕ್ಯಾಪ್ಟನ್ ಹೊಣೆ. ಈ ಹೊಣೆ ತಪ್ಪಿದರೆ ಅಂಪೈರ್ ಕ್ಯಾಪ್ಟನ್‌ಗೇ ಶಿಕ್ಷೆ ಕೊಡಬಹುದು. ಅಂದರೆ ತಪ್ಪು ಇನ್ನೊಬ್ಬಳದ್ದು, ಕಾರ್ಡ್ ನಿನಗೆ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ ಹೊರಗೆ, ಹಳದಿ ಎಂದರೆ ಕನಿಷ್ಠ ಐದು ನಿಮಿಷ, ಕೆಂಪು ಎಂದರೆ ಪಂದ್ಯವೇ ಮುಗಿಯಿತು. ಅಷ್ಟು ಹೊತ್ತು ತಂಡ ಒಬ್ಬಳು ಕಡಿಮೆ ಇಟ್ಟುಕೊಂಡು ಆಡಬೇಕು. ಕ್ಯಾಪ್ಟನ್ನೇ ಹೊರಗೆ ಹೋದರೆ ಬದಲಿ ಕ್ಯಾಪ್ಟನ್ ಯಾರೆಂದು ಆಗಲೇ ಸೂಚಿಸಬೇಕು. ತೋಳಿನ ಪಟ್ಟಿ ಆಟದ ನಡುವೆಯೂ ಕೈ ಬದಲಿಸುವ ವಸ್ತು ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ ನೋಡಿ. ನಾಣ್ಯ ಚಿಮ್ಮುವುದು, ದಿಕ್ಕು ಬೇಕೋ ಮೊದಲ ಚೆಂಡು ಬೇಕೋ ಎಂದು ಆರಿಸುವುದು, ಇವೆಲ್ಲ ಅರ್ಧ ನಿಮಿಷದ ಕೆಲಸ.

ನಿಜವಾದ ಕೆಲಸ ಪುಸ್ತಕದಲ್ಲಿಲ್ಲ. ಹಿಂದೆ 35 ನಿಮಿಷದ ಎರಡು ಅವಧಿ ಇದ್ದವು. 2014ರ ಸುಮಾರಿಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್ ಬಂದವು. ಅದಲುಬದಲಿಗೆ ಮಿತಿಯಿಲ್ಲ. ಹೊರಗೆ ಹೋದವಳು ಮತ್ತೆ ಒಳಗೆ ಬರಬಹುದು. ಫಾರ್ವರ್ಡ್‌ಗಳು ಕೆಲವೇ ನಿಮಿಷ ಮೈಮುರಿದು ಓಡಿ ಬೆಂಚಿಗೆ ಬಂದು, ಉಸಿರು ಹಿಡಿದು, ಮತ್ತೆ ಒಳಗೆ ಹೋಗುತ್ತಾರೆ. ಹೀಗಾಗಿ ಆಟದ ಲಗಾಮು ಬಹುಪಾಲು ಬೆಂಚಿನಲ್ಲಿರುವ ಕೋಚ್ ಕೈಯಲ್ಲಿದೆ. ಮತ್ತೆ ಕ್ಯಾಪ್ಟನ್ ಯಾಕೆ ಎಂದರೆ, ಕೋಚ್ ಒಳಗೆ ಬರಲಾರ. ಎರಡು ಗೋಲು ಬಿಟ್ಟುಕೊಟ್ಟ ತಂಡದ ಕಣ್ಣುಗಳು ನೆಲಕ್ಕೆ ಇಳಿದಾಗ ಅದನ್ನು ಹತ್ತಿರದಿಂದ ಕಾಣುವವಳು ಒಳಗಿರುವವಳೇ. ಅಂಪೈರ್ ತೀರ್ಪಿಗೆ ಸಿಡಿದೆದ್ದ ಆಟಗಾರ್ತಿಯ ಮುಂದೆ ಹೋಗಿ ನಿಂತು, ಅವಳ ಮಾತನ್ನು ತಾನು ಸಮಾಧಾನದಲ್ಲಿ ಹೇಳುವುದು, ವಿಡಿಯೋ ರೆಫರಲ್ ಕೇಳಬೇಕೋ ಬೇಡವೋ ಎಂದು ಕ್ಷಣದಲ್ಲಿ ತೀರ್ಮಾನಿಸುವುದು, ಕ್ವಾರ್ಟರ್ ನಡುವಿನ ಎರಡು ನಿಮಿಷದಲ್ಲಿ ಕೋಚ್ ಹೇಳಿದ ಹತ್ತು ಮಾತಿನಲ್ಲಿ ಎರಡನ್ನು ಮಾತ್ರ ಹಿಡಿದು ಒಳಗೆ ಒಯ್ಯುವುದು, ಇವು ಅವಳ ಕೆಲಸ. ಪಟ್ಟಿ ಇಲ್ಲದವಳೂ ಇದನ್ನು ಮಾಡಬಹುದು, ಒಳ್ಳೆಯ ತಂಡಗಳಲ್ಲಿ ಮೂರು ನಾಲ್ಕು ಮಂದಿ ಮಾಡುತ್ತಲೇ ಇರುತ್ತಾರೆ. ಮುಂದಿನ ಕ್ಯಾಪ್ಟನ್‌ನನ್ನು ಆರಿಸುವವರ ಕಣ್ಣು ಅಂಥವರ ಮೇಲೆಯೇ ಇರುತ್ತದೆ.

ಕ್ಯಾಪ್ಟನ್‌ಗೆ ಇಂಥದೇ ಜಾಗ ಎಂದಿಲ್ಲ. ಶ್ರೀಜೇಶ್ ಗೋಲ್‌ಕೀಪರ್, ಹರ್ಮನ್‌ಪ್ರೀತ್ ಡಿಫೆಂಡರ್ ಮತ್ತು ಡ್ರ್ಯಾಗ್ ಫ್ಲಿಕರ್ (ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಚಿಮ್ಮಿಸುವವರು), ಮನ್‌ಪ್ರೀತ್ ನಡುಗಣದವರು, ರಾಣಿ ರಾಂಪಾಲ್ ಗೋಲು ಹೊಡೆಯುವ ಫಾರ್ವರ್ಡ್. ಗೋಲ್‌ಕೀಪರ್ ಕ್ಯಾಪ್ಟನ್‌ಗಳ ಸಾಲಿನ ಆರಂಭದಲ್ಲೇ ಶಂಕರ್ ಲಕ್ಷ್ಮಣ್ ನಿಲ್ಲುತ್ತಾರೆ. ಅವರು ಮರಾಠಾ ರೆಜಿಮೆಂಟಿನ ಸೈನಿಕ. 1966ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದ ಕ್ಯಾಪ್ಟನ್. ಗೋಲಿನ ಬಾಯಲ್ಲಿ ನಿಂತವರಿಗೆ ಇಡೀ ಮೈದಾನ ಕಾಣುತ್ತದೆ, ಆದರೆ ಅಂಪೈರ್ ಜೊತೆ ಮಾತಾಡಲು ಓಡಿಹೋಗುವಂತಿಲ್ಲ. ಫಾರ್ವರ್ಡ್‌ಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದೇ ಕಾಣದು. ಸೆಂಟರ್ ಹಾಫ್‌ಗೆ ಎರಡೂ ಸಿಗುತ್ತದೆ. 1975ರಲ್ಲಿ ಭಾರತ ಒಂದೇ ಒಂದು ಸಲ ವಿಶ್ವಕಪ್ ಗೆದ್ದಾಗ ಕ್ಯಾಪ್ಟನ್ ಆಗಿದ್ದ ಅಜಿತ್‌ಪಾಲ್ ಸಿಂಗ್ ಸೆಂಟರ್ ಹಾಫ್. ಮಗಳಿಗೆ ಈ ಹೆಸರು ಹೇಳಿ. ಅವಳು ನಿಂತಿರುವ ಜಾಗಕ್ಕೆ ಎಷ್ಟು ಬೆಲೆಯಿದೆ ಎಂದು ಅವಳಿಗೆ ಗೊತ್ತಾಗಲಿ.

ಕನ್ನಡ ನಾಡಿನಿಂದ ಭಾರತ ತಂಡದ ಕ್ಯಾಪ್ಟನ್ ಆದವರಲ್ಲಿ ನನಗೆ ಹೆಚ್ಚು ಹತ್ತಿರದವರು ಎಂ.ಪಿ. ಗಣೇಶ್. ಕೊಡಗಿನವರು. ಹುಡುಗನಾಗಿದ್ದಾಗ ಜಿಲ್ಲೆಗೆ ಫುಟ್‌ಬಾಲ್ ಆಡಿದವರು, ಸೈನ್ಯ ಸೇರಿದ ಮೇಲೆ ಸರ್ವಿಸಸ್ ತಂಡಕ್ಕೆ ಹಾಕಿ ಆಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. ಮರುವರ್ಷ ನೆದರ್ಲೆಂಡ್ಸ್‌ನ ಆಮ್ಸ್‌ಟಲ್‌ವೀನ್‌ನಲ್ಲಿ ನಡೆದ ವಿಶ್ವಕಪ್‌ಗೆ ಅವರೇ ಕ್ಯಾಪ್ಟನ್. ಫೈನಲ್‌ನಲ್ಲಿ ಆತಿಥೇಯರ ಮೇಲೆ ಭಾರತ 2-0 ಮುಂದಿತ್ತು. ಅದು 2-2 ಆಯಿತು, ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋಲಾಯಿತು. ಕಪ್ಪಿಗೆ ಅಷ್ಟು ಹತ್ತಿರ ಹೋಗಿ ಬರಿಗೈಲಿ ಬಂದ ಕ್ಯಾಪ್ಟನ್ ಆಮೇಲೆ ಏನು ಮಾಡಿದರು? ಆಡಿದರು, ಓದಿದರು, ತಂಡಗಳಿಗೆ ಕಲಿಸಿದರು, ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ದುಡಿದರು. 2020ರಲ್ಲಿ ಪದ್ಮಶ್ರೀ ಬಂತು. ಅದೇ ಕೊಡಗಿನ ಎಂ.ಎಂ. ಸೋಮಯ್ಯ 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, ಎಂಟು ವರ್ಷದ ನಂತರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕ್ಯಾಪ್ಟನ್ ಆದರು. ಚಿನ್ನ ಬಂದಾಗ ಪಟ್ಟ ಇರಲಿಲ್ಲ, ಪಟ್ಟ ಬಂದಾಗ ಪದಕ ಸಿಗಲಿಲ್ಲ. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, ಬೆಂಗಳೂರಿನ ಜೂಡ್ ಫೆಲಿಕ್ಸ್ ಕೂಡ ಭಾರತವನ್ನು ಮುನ್ನಡೆಸಿದವರು.

ಹೆಣ್ಣುಮಕ್ಕಳಲ್ಲಿ ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅವರನ್ನು ನಾವು ಮರೆತೇಬಿಟ್ಟಿದ್ದೇವೆ. ನಮ್ಮ ರಾಜ್ಯ ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲ. ಅವರ ನಾಯಕತ್ವದಲ್ಲಿ ಮೈಸೂರು ಮಹಿಳಾ ತಂಡ 1960ರಿಂದ 1967ರವರೆಗೆ ಸತತ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ರೀಟಾ, ಮೇ ಎಂಬ ಅವರ ತಂಗಿಯರೂ ಭಾರತಕ್ಕೆ ಆಡಿದವರು. ಎಲ್ವೆರಾ ಅವರಿಗೆ 1965ರಲ್ಲೇ ಅರ್ಜುನ ಪ್ರಶಸ್ತಿ ಬಂತು. ಗೋಡೆಯ ಮೇಲೆ ರಾಣಿ ಪಕ್ಕ ಈ ನಮ್ಮೂರ ಕ್ಯಾಪ್ಟನ್‌ಗೂ ಜಾಗ ಕೊಡಲು ಹೇಳಿ.

ಇನ್ನು ದಾರಿಯ ವಿಚಾರ. ಮೆಟ್ಟಿಲುಗಳು ನಿಮಗೆ ಗೊತ್ತಿರುವವೇ: ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮಲ್ಲಿ ಶಿರಸಿಯೇ ಬೇರೆ ಶೈಕ್ಷಣಿಕ ಜಿಲ್ಲೆ, ಕಾರವಾರ ಬೇರೆ. ಅಲ್ಲಿ ಗೆದ್ದರೆ ಬೆಳಗಾವಿ ವಿಭಾಗದಲ್ಲಿ ಆಡಬೇಕು. ಇದು ಶಾಲಾ ಆಟಗಳ ದಾರಿ. ಪಕ್ಕದಲ್ಲೇ ಇನ್ನೊಂದಿದೆ: ರಾಜ್ಯ ಸಂಸ್ಥೆಯಾದ ಹಾಕಿ ಕರ್ನಾಟಕ, ಅದರ ಮೇಲೆ ಹಾಕಿ ಇಂಡಿಯಾ. ಸಬ್ ಜೂನಿಯರ್, ಜೂನಿಯರ್, ಸೀನಿಯರ್ ಎಂದು ಮೂರು ಹಂತದ ರಾಷ್ಟ್ರೀಯ ಪಂದ್ಯಾವಳಿ ನಡೆಯುವುದು ಈ ಎರಡನೇ ದಾರಿಯಲ್ಲಿ. ಭಾರತ ತಂಡದ ಶಿಬಿರಕ್ಕೆ ಕರೆ ಬರುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಶಿಬಿರದ ದೊಡ್ಡ ನೆಲೆ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ. ಅಲ್ಲಿ ಕರೆಸಿಕೊಂಡ ಹಲವರಲ್ಲಿ ಒಲಿಂಪಿಕ್ಸ್ ತಂಡಕ್ಕೆ ಸಿಗುವ ಜಾಗ 16 ಮಾತ್ರ. ಮೊದಲು ಆ ಹದಿನಾರರಲ್ಲಿ ಒಬ್ಬಳಾಗಬೇಕು. ಕ್ಯಾಪ್ಟನ್ ಮಾತು ಆಮೇಲಿನದು.

ಆದರೆ ನಮ್ಮ ಕಡೆಯ ಮಕ್ಕಳು ಎಡವುವುದು ಮೆಟ್ಟಿಲಲ್ಲಿ ಅಲ್ಲ, ನೆಲದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹುಲ್ಲಿನ ಬದಲು ಕೃತಕ ಹಾಸು ಬಂತು. ಅದಕ್ಕೂ ಮುಂಚೆ ಏಳು ಚಿನ್ನ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಕೃತಕ ಹಾಸಿನ ಮೇಲೆ ಗೆದ್ದ ಒಲಿಂಪಿಕ್ ಚಿನ್ನ 1980ರದ್ದೊಂದೇ. ದೇಶದ ಮಟ್ಟದಲ್ಲಿ ಅಂದು ಆದದ್ದು ನಮ್ಮ ಜಿಲ್ಲೆಯ ಮಕ್ಕಳ ಮಟ್ಟದಲ್ಲಿ ಇಂದಿಗೂ ಆಗುತ್ತಲೇ ಇದೆ. ನಮ್ಮ ಶಾಲಾ ಮೈದಾನ ಅಂದರೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲಿನ ಹರಳು. ಚೆಂಡು ನೆಗೆಯುತ್ತಾ ಬರುತ್ತದೆ. ಆದ್ದರಿಂದ ಮಗು ಸ್ಟಿಕ್ಕನ್ನು ನೆಟ್ಟಗೆ ಹಿಡಿದು, ಅರ್ಧ ನಿಂತುಕೊಂಡೇ ಚೆಂಡು ತಡೆಯುವುದನ್ನು ಕಲಿಯುತ್ತದೆ. ನೀರು ಹಾಯಿಸಿದ ಟರ್ಫ್, ಅಂದರೆ ಕೃತಕ ಹಾಸಿನ ಮೇಲೆ ಚೆಂಡು ನೆಗೆಯುವುದಿಲ್ಲ, ನೆಲಕ್ಕೆ ಅಂಟಿಕೊಂಡು ಜಾರಿ ಬರುತ್ತದೆ, ಎರಡರಷ್ಟು ಬೇಗ ಬಂದಂತೆ ಕಾಣುತ್ತದೆ. ಅಲ್ಲಿ ಮೊಣಕಾಲು ಮಡಿಸಿ ಕೆಳಗೆ ಕೂತು, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ತಡೆಯಬೇಕು. ಎಡಕ್ಕೆ ಬಂದ ಚೆಂಡಿಗೆ ಸ್ಟಿಕ್ ತಿರುಗಿಸಿ ರಿವರ್ಸ್ ಹಿಡಿಯಬೇಕು, ಯಾಕೆಂದರೆ ಸ್ಟಿಕ್ಕಿಗೆ ಚಪ್ಪಟೆ ಮುಖ ಒಂದೇ, ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ.

ನಾನು ಮೊದಲ ಸಲ ಮಕ್ಕಳನ್ನು ಟರ್ಫ್ ಮೇಲೆ ಆಡಲು ಕರೆದೊಯ್ದಾಗ ಮೊದಲ ಹತ್ತು ನಿಮಿಷ ಚೆಂಡು ನಮ್ಮವರ ಸ್ಟಿಕ್ಕಿನ ಕೆಳಗಿಂದಲೇ ಹೋಗುತ್ತಿತ್ತು. ಆಟ ಗೊತ್ತಿಲ್ಲದವರಂತೆ ನಿಂತ ಆ ಮಕ್ಕಳ ಮುಖ ನೋಡಲು ನನ್ನಿಂದಾಗಲಿಲ್ಲ. ಆಟ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ನೆಲ ಗೊತ್ತಿರಲಿಲ್ಲ.

ಹಾಗಾಗಿ ಮಗಳು ಮುಂದೆ ಹೋಗಬೇಕೆಂದರೆ ಒಂದಲ್ಲ ಒಂದು ದಿನ ಮನೆ ಬಿಡಬೇಕಾಗುತ್ತದೆ. ಕಹಿ ಮಾತು, ಆದರೂ ಹೇಳಬೇಕು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಹಾಕಿಗೆ ಹೆಸರಾದವು ಕೊಡಗಿನ ಕೂಡಿಗೆ ಮತ್ತು ಪೊನ್ನಂಪೇಟೆ. ಮಡಿಕೇರಿಯ ಸಾಯ್ ತರಬೇತಿ ಕೇಂದ್ರವೂ ಹಾಕಿಯದ್ದೇ. ಚಿಕ್ಕ ತರಗತಿಯಲ್ಲೇ ಸೇರುವ ಅವಕಾಶ ನಿಮ್ಮ ಮಗಳಿಗೆ ದಾಟಿಹೋಗಿದೆ. ಎಸ್ಸೆಸ್ಸೆಲ್ಸಿ ನಂತರದ ಪ್ರವೇಶ ಇನ್ನೂ ಮುಂದಿದೆ. ಆಯ್ಕೆ ಶಿಬಿರದ ದಿನಾಂಕವನ್ನು ಕಾರವಾರದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಒಂದು ವರ್ಷಕ್ಕೂ ಹೆಚ್ಚು ಸಮಯ ಕೈಯಲ್ಲಿದೆ. ನೆರೆಯ ಗೋವಾದ ಮಾಪುಸಾ ಪಕ್ಕದ ಪೆಡ್ಡೆಂನಲ್ಲಿ ಟರ್ಫ್ ಇದೆ, 2023ರ ರಾಷ್ಟ್ರೀಯ ಕ್ರೀಡಾಕೂಟದ ಹಾಕಿ ನಡೆದದ್ದು ಅಲ್ಲಿಯೇ. ಕಾರವಾರದವರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಶಾಲೆಯವರೆಲ್ಲ ಸೇರಿ ವರ್ಷಕ್ಕೆ ಎರಡು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಏರ್ಪಾಡು ಆದರೆ ಅದು ಹತ್ತು ಟ್ರೋಫಿಗಿಂತ ದೊಡ್ಡದು. ಮಾಸ್ತರ ಹತ್ತಿರ ಮಾತಾಡಲೇಬೇಕು ಎಂದಿದ್ದರೆ ಇದನ್ನು ಮಾತಾಡಿ.

ಮನೆಯಲ್ಲೇ ಇರುವ ಟರ್ಫ್ ಒಂದನ್ನು ನೀವು ಗಮನಿಸಿಲ್ಲ. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ. ಮಳೆಗಾಲದಲ್ಲಿ ಅದು ಖಾಲಿ. ನುಣುಪು ನೆಲ, ಮೇಲೆ ತೆಳುವಾಗಿ ನೀರು. ಚೆಂಡು ನೆಗೆಯದೆ ಜಾರುತ್ತದೆ. ಹಾವಸೆ ಕಟ್ಟಿದ್ದರೆ ಬ್ಲೀಚಿಂಗ್ ಪುಡಿ ಹಾಕಿ ಚೆನ್ನಾಗಿ ಉಜ್ಜಿ ತೊಳೆಸಿ. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ ವರ್ಷವೇ ಹೋದೀತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು: ಚೆಂಡನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಸ್ಟಿಕ್ ಹೊರಳಿಸುತ್ತಾ ಎಳೆಯುವುದು, ಗೋಡೆಗೆ ಹೊಡೆದು ವಾಪಸ್ ಬಂದದ್ದನ್ನು ಕೂತು ತಡೆಯುವುದು. ಜೊತೆಗೆ ಸೆಂಟರ್ ಹಾಫ್‌ಗೆ ಮುಖ್ಯವಾದ ಇನ್ನೊಂದು ಅಭ್ಯಾಸವಿದೆ. ಚೆಂಡು ಬರುವ ಮುಂಚೆ ಒಮ್ಮೆ ಎಡ ಹೆಗಲ ಮೇಲಿಂದ, ಒಮ್ಮೆ ಬಲ ಹೆಗಲ ಮೇಲಿಂದ ಹಿಂದೆ ನೋಡುವುದು. ತಮ್ಮನೋ ತಂಗಿಯೋ ಹಿಂದೆ ನಿಂತು ಬೆರಳು ಎತ್ತಿ ತೋರಿಸಲಿ, ಇವಳು ಚೆಂಡು ತಡೆಯುವ ಮುಂಚೆ ಎಷ್ಟು ಬೆರಳು ಎಂದು ಕೂಗಿ ಹೇಳಲಿ. ಭಾರತ ತಂಡಕ್ಕೆ ಆಡುವವರಿಗೂ ನಮ್ಮ ಜಿಲ್ಲೆಯ ಮಕ್ಕಳಿಗೂ ನಾನು ಕಂಡ ದೊಡ್ಡ ಅಂತರ ಓಟದಲ್ಲಿ ಅಲ್ಲ, ಈ ನೋಟದಲ್ಲಿ.

ಹೊಟ್ಟೆಪಾಡಿನ ಪ್ರಶ್ನೆಗೆ ಬಿಚ್ಚುಮಾತಿನಲ್ಲೇ ಹೇಳುತ್ತೇನೆ. ಹಾಕಿಯಲ್ಲಿ ಕ್ರಿಕೆಟ್ಟಿನ ದುಡ್ಡಿಲ್ಲ. ಹಾಕಿ ಇಂಡಿಯಾ ಲೀಗ್ 2024ರ ಕೊನೆಯಲ್ಲಿ ಮತ್ತೆ ಶುರುವಾದಾಗ ಹರಾಜಿನಲ್ಲಿ ಹರ್ಮನ್‌ಪ್ರೀತ್ ಅವರಿಗೆ ಸಿಕ್ಕ 78 ಲಕ್ಷ ರೂಪಾಯಿಯೇ ಅತಿ ಹೆಚ್ಚು. ಮೊದಲ ಸಲ ಶುರುವಾದ ಮಹಿಳಾ ಲೀಗ್‌ನಲ್ಲಿ ಉದಿತಾ ಅವರಿಗೆ 32 ಲಕ್ಷ. ಇವು ತುದಿಯ ಒಬ್ಬಿಬ್ಬರ ಲೆಕ್ಕ. ಉಳಿದವರನ್ನು ಕಾಯುವುದು ನೌಕರಿ: ರೈಲ್ವೆ, ಬ್ಯಾಂಕು, ತೈಲ ಕಂಪನಿ, ಸೈನ್ಯ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿದ್ದರು. ಮಹಿಳಾ ಹಾಕಿಗೆ ದೊಡ್ಡ ಆಸರೆ ರೈಲ್ವೆ. ನಮ್ಮ ಕಾರವಾರದ ಸೀಬರ್ಡ್ ನೌಕಾನೆಲೆಯನ್ನು ದಿನಾ ನೋಡುವ ಗಂಡುಮಕ್ಕಳಿಗೆ ನಾನು ಹೇಳುತ್ತಿದ್ದದ್ದುಂಟು: ನೌಕಾಪಡೆಗೂ ಹಾಕಿ ತಂಡ ಇದೆ, 2024ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಚೀನಾ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಜುಗ್‌ರಾಜ್ ಸಿಂಗ್ ನೌಕಾಪಡೆಯವರು. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಮಕ್ಕಳಿಗೆ ತರಬೇತಿ ಖರ್ಚಲ್ಲದೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ.

ಆದರೆ ಓದು ಬಿಡಿಸಬೇಡಿ. ಇದನ್ನು ನಮ್ಮ ಜಿಲ್ಲೆಯೇ ಕಲಿಸಿದೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ ವಿಶೇಷ ಯೋಜನೆಯಲ್ಲಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಮಕ್ಕಳು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆಯೇ ನಿಂತಿತು. ನೌಕರಿ ಹಿಡಿದವರು ಹಿಡಿದರು, ಉಳಿದವರು ಕಾಡಂಚಿನ ಊರಿಗೆ ಮರಳಿದರು. ಆ ಮಕ್ಕಳಲ್ಲಿ ಯಾವ ಕೊರತೆಯೂ ಇರಲಿಲ್ಲ, ಯೋಜನೆ ಕೈಬಿಟ್ಟಿತು. ಒಂದು ಕೈಬಿಟ್ಟರೆ ಹಿಡಿದುಕೊಳ್ಳಲು ಇನ್ನೊಂದು ಇರಬೇಕು, ಅದಕ್ಕೇ ಓದಿನ ಮಾತು ಹೇಳಿದೆ.

ಗೋಡೆಯ ಮೇಲಿರುವ ರಾಣಿ ರಾಂಪಾಲ್ ಅವರ ಕಥೆಯನ್ನು ಅವಳು ಪೂರ್ತಿ ಕೇಳಿದ್ದಾಳೋ ಇಲ್ಲವೋ. ಹರಿಯಾಣದ ಶಾಹಾಬಾದ್‌ನವರು. ತಂದೆ ಗಾಡಿ ಎಳೆಯುವ ಕೂಲಿ. ಮೊದಲು ಅಭ್ಯಾಸ ಮಾಡಿದ್ದು ಮುರಿದ ಸ್ಟಿಕ್ ಹಿಡಿದು ಎಂದು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಮಗಳ ವಯಸ್ಸಿಗೆ, ಹದಿನಾಲ್ಕರ ಆಸುಪಾಸಿನಲ್ಲಿ, ಭಾರತ ತಂಡಕ್ಕೆ ಬಂದರು. 2010ರ ವಿಶ್ವಕಪ್‌ನಲ್ಲಿ ಭಾರತದ ಅತಿ ಕಿರಿಯ ಆಟಗಾರ್ತಿ. ಕ್ಯಾಪ್ಟನ್ ಆಗಿ ಟೋಕಿಯೋಗೆ ಹೋದಾಗ ತಂಡ ಮೊದಲ ಮೂರು ಪಂದ್ಯ ಸೋತಿತ್ತು. ಅಲ್ಲಿಂದ ಎದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿ, ಕಂಚಿನ ಪಂದ್ಯದಲ್ಲಿ ಬ್ರಿಟನ್ನಿಗೆ 3-4ರಿಂದ ಸೋತು ನಾಲ್ಕನೆಯವರಾದರು. ಆಮೇಲೆ ಗಾಯ. ಪಟ್ಟ ಹೋಯಿತು, ತಂಡದಲ್ಲಿ ಜಾಗವೂ ಹೋಯಿತು, 2022ರ ವಿಶ್ವಕಪ್ ಆಡಲಿಲ್ಲ. ದೇಶ ಕಂಡ ಅತ್ಯಂತ ದೊಡ್ಡ ಕ್ಯಾಪ್ಟನ್‌ಗಳಲ್ಲಿ ಒಬ್ಬರು ಮತ್ತೆ ಶಿಬಿರದ ಸಾಲಿನಲ್ಲಿ ಬಂದು ನಿಂತು, ಕಿರಿಯರ ಜೊತೆ ಓಡಿ, ತಂಡಕ್ಕೆ ಮರಳಲು ಹೋರಾಡಿದರು. 2024ರ ಅಕ್ಟೋಬರ್‌ನಲ್ಲಿ ವಿದಾಯ ಹೇಳುವ ಹೊತ್ತಿಗೆ 254 ಪಂದ್ಯ ಆಡಿದ್ದರು. ಅವರ 28ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಹಾಕಿ ಇಂಡಿಯಾ ಗೌರವಿಸಿತು. ಮಗಳಿಗೆ ನೀವು ಬುದ್ಧಿಮಾತು ಹೇಳಬೇಕಾಗಿಲ್ಲ. ಟೋಕಿಯೋ ನಂತರದ ಆ ಮೂರು ವರ್ಷ ಹೇಗಿದ್ದವು ಎಂಬುದನ್ನು ಮಾತ್ರ ಓದಿ ಹೇಳಿ, ಆಮೇಲೆ ಎರಡು ದಿನ ಸುಮ್ಮನಿರಿ.

ಸ್ಟಿಕ್ ವಿಷಯ. ಕೊಡಿಸಿ, ಆದರೆ ಮಗಳು ತಾನಾಗಿ ಮೈದಾನಕ್ಕೆ ಮರಳಿದ ಮೇಲೆ. ಸಮಾಧಾನದ ಉಡುಗೊರೆಯಾಗಿ ಬೇಡ. ಕಾರ್ಬನ್ ಹೆಚ್ಚಿರುವ ದುಬಾರಿ ಸ್ಟಿಕ್ ಈಗ ಬೇಡವೇ ಬೇಡ. ಅದು ಗಡುಸು, ಹೊಡೆತಕ್ಕೆ ಬಲ ಕೊಡುತ್ತದೆ ನಿಜ, ಆದರೆ ಬಂದ ಚೆಂಡು ಸಿಡಿದುಹೋಗುತ್ತದೆ. ಸೆಂಟರ್ ಹಾಫ್‌ಗೆ ಚೆಂಡು ನಿಲ್ಲಿಸುವುದೇ ಮೊದಲ ಕೆಲಸ. ಕಾರ್ಬನ್ ಕಡಿಮೆ ಇರುವ, ಜಲಂಧರ್‌ನಲ್ಲಿ ತಯಾರಾದ ಸ್ಟಿಕ್ ಸಾಕು. ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ಬೆಳೆಯುವ ಮಗು ಎಂದು ಉದ್ದದ್ದು ತಂದರೆ ಬೆನ್ನು ಬಾಗುವುದಿಲ್ಲ, ನೆಟ್ಟಗೆ ನಿಂತು ಆಡುವ ಅದೇ ಹಳೇ ಅಭ್ಯಾಸ ಗಟ್ಟಿಯಾಗುತ್ತದೆ. ದುಡ್ಡು ಉಳಿದರೆ ಮೊದಲು ಹಲ್ಲಿನ ಗಾರ್ಡ್, ಮೊಣಕಾಲ ಕೆಳಗಿನ ಶಿನ್ ಗಾರ್ಡ್ ತನ್ನಿ. ಚೆಂಡು ನೂರೈವತ್ತು ಗ್ರಾಂ ದಾಟುವ ಗಟ್ಟಿ ವಸ್ತು. ಹಳೇ ಸ್ಟಿಕ್ಕನ್ನು ಎಸೆಯಬೇಡಿ, ಅಟ್ಟದಿಂದ ಇಳಿಸಿ ಕೆಳತುದಿಗೆ ಟೇಪ್ ಸುತ್ತಿ ಇಡಿ. ಸಿಮೆಂಟಿನ ಅಂಗಳ ಹೊಸ ಸ್ಟಿಕ್ಕನ್ನು ಒಂದೇ ಮಳೆಗಾಲದಲ್ಲಿ ಸವೆಸಿಬಿಡುತ್ತದೆ, ಅಲ್ಲಿಗೆ ಹಳೆಯದೇ ಆಗಬೇಕು.